ಇಡೀ ಓಣಿಯ ಜಡ್ಡು ನನ್ನ ನಂಬರಿಗೆ

ಹೊಳೆಯ ದಂಡೆಯಲ್ಲಿ ಕೂತು ನಮ್ಮ ಸೀಮೆಯನ್ನೆಲ್ಲ ಕಾಯುವ ಹುಲಿಗೆಮ್ಮ ತಾಯಿಗೆ ಮೊದಲ ಶರಣು. ನಗು ಕೊಟ್ಟವಳೂ ಅವಳೇ, ನಗಲಿಕ್ಕೆ ಕಾರಣ ಕೊಟ್ಟವಳೂ ಅವಳೇ. ನಾನು ಬರೆದಿಡುವವಳಷ್ಟೇ.

ಸಾಲಿಯಲ್ಲಿ ಮಕ್ಕಳಿಗೆ ಮಗ್ಗಿ ಕಲಿಸಿ ಕಲಿಸಿ ನಿವೃತ್ತಳಾಗಿ ಕೊಪ್ಪಳದ ನಮ್ಮ ಓಣಿಯಲ್ಲಿ ಕೂತ ಮೇಲೆ, ಇನ್ನು ಪೂಜೆ, ಜಪ, ಸೋಮವಾರದ ಗುಡಿ, ಇಷ್ಟೇ ನನ್ನ ಸಂಸಾರ ಎಂದುಕೊಂಡಿದ್ದೆ. ಆದರೆ ಔಷಧಿ ಅಂಗಡಿಗೆ ಹೋದಾಗಲೆಲ್ಲ ನನಗೆ ಏನಾದರೊಂದು ಆಗಿಯೇ ತೀರುತ್ತದೆ. ಜಡ್ಡಲ್ಲ, ಪ್ರಸಂಗ.

ಕಾಣದ ಕೊಸರು

ನಮ್ಮ ಕಡೆ ಕೊಸರಿಲ್ಲದೆ ವ್ಯಾಪಾರ ಮುಗಿಯುವುದಿಲ್ಲ. ಒಂದು ಕಿಲೋ ಬದನೆಕಾಯಿ ತೂಗಿದ ಮೇಲೆ ಇನ್ನೊಂದನ್ನು ಹಾಗೇ ಚೀಲಕ್ಕೆ ಹಾಕಬೇಕು. ಹಾಕುವವರೆಗೆ ಕೊಂಡವರು ಕದಲುವುದಿಲ್ಲ, ಮಾರಿದವರೂ ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಬಸ್ ನಿಲ್ದಾಣದ ಕಡೆ ಗಾಜಿನ ಬಾಗಿಲಿನ ಹೊಸ ಔಷಧಿ ಅಂಗಡಿ ಆಯಿತು. ಗಂಗಾವತಿ, ಕುಷ್ಟಗಿ, ಯಲಬುರ್ಗಾದಲ್ಲೂ ಅವರದೇ ಅಂಗಡಿಗಳು. ನಮ್ಮ ಮನೆಯವರ ಶುಗರ್ ಗುಳಿಗೆ ತರಲು ಹೋದೆ. ಕೌಂಟರಿನಲ್ಲಿದ್ದವಳು ನನ್ನ ಕೈಯಲ್ಲೇ ಓದಿದ ಹುಡುಗಿ. ಗುಳಿಗೆ ಚೀಲಕ್ಕೆ ಬಿದ್ದ ಮೇಲೆ ರೂಢಿಯಂತೆ, "ಕೊಸರು ಹಾಕವ್ವ," ಎಂದೆ.

"ಗುಳಿಗಿಗೆ ಕೊಸರು ಹಾಕಂಗಿಲ್ರಿ ಅಕ್ಕೋರ. ಡಾಕ್ಟರು ಬರದಷ್ಟ ಕೊಡಬೇಕು. ಫೋನ್ ನಂಬರ್ ಹೇಳ್ರಿ, ಪಾಯಿಂಟ್ ಬೀಳ್ತಾವ. ಅದನ್ನ ಕೊಸರು ಅಂತ ತಿಳ್ಕೋರಿ."

"ಎಲ್ಲಿ ಅದಾವ, ತೋರ್ಸು."

"ಕಣ್ಣಿಗೆ ಕಾಣಂಗಿಲ್ರಿ. ಒಳಗ ಇರ್ತಾವ. ಬೇಕಾದಾಗ ಬರ್ತಾವ."

ಕಣ್ಣಿಗೆ ಕಾಣದೆ, ಒಳಗೇ ಇದ್ದು, ಬೇಕಾದಾಗ ಬರುವವನನ್ನು ಹುಟ್ಟಿದಾಗಿನಿಂದ ನಂಬಿ ಬದುಕಿದವಳು ನಾನು. ಪಾಯಿಂಟನ್ನು ನಂಬುವುದೇನು ದೊಡ್ಡದು? ನಂಬರು ಹೇಳಿದೆ.

"ಈಗ ಫೋನಿಗೆ ಒಂದು ಓಟಿಪಿ ಬಂದೈತಿ, ಅದನ್ನ ಹೇಳ್ರಿ. ಈ ಒಂದ ಸಲ ಅಷ್ಟ," ಎಂದಳು.

ವ್ಯತ್ಯಾಸ ಅಷ್ಟೇ. ದೇವರು ಇವತ್ತಿನವರೆಗೆ ನನಗೆ ಒಂದು ಸಲವೂ ಓಟಿಪಿ ಕೇಳಿಲ್ಲ.

ಮೊಣಕಾಲಿನ ಪಟ್ಟಿ

ನಮ್ಮ ಮನೆಯವರು ಒಂದು ಕಾಗದದ ಚೂರನ್ನೂ ಒಗೆಯುವವರಲ್ಲ. ಒಂದು ದಿನ ಅಂಗಡಿಯವರು ಕೂಪನ್ ಕೊಟ್ಟರು. ಅವತ್ತೇ ಕೊನೆಯ ದಿನ, ಬಿಲ್ಲು ಇಷ್ಟಾದರೆ ಮಾತ್ರ ದರದಲ್ಲಿ ಸೋಡಿ. ಇವರ ಗುಳಿಗೆಯ ಬಿಲ್ಲು ಅಷ್ಟಕ್ಕೆ ಸ್ವಲ್ಪ ಕಡಿಮೆ ಬಿತ್ತು. ಕೂಪನ್ ಹಾಳಾಗಬಾರದೆಂದು ಮೊಣಕಾಲಿಗೆ ಹಾಕುವ ಪಟ್ಟಿ ತಂದರು.

"ನಿಮ್ಮ ಮೊಣಕಾಲು ಛಲೋ ಅದಾವಲ್ರಿ," ಎಂದೆ.

"ಅದಾವ. ಆದ್ರ ತಂದದ್ದು ಹಾಳಾಗಬಾರ್ದಲ," ಎಂದು ಪಟ್ಟಿ ಬಿಗಿದುಕೊಂಡು ಗುಡಿಗೆ ಹೊರಟರು.

ಓಣಿಯ ಬಾಯಲ್ಲಿ ಒಬ್ಬರು, "ಏನಾತ್ರಿ ಕಾಲಿಗೆ?" ಎಂದರು. "ಏನಿಲ್ಲ," ಎಂದರು ಇವರು. ಹೋಟೆಲಿನ ಮುಂದೆ ಇನ್ನೊಬ್ಬರು ಕೇಳಿದರು. "ಹಂಗ, ಸ್ವಲ್ಪ," ಎಂದರು. ಗುಡಿಯ ಮೆಟ್ಟಿಲ ಹತ್ತಿರ ಮೂರನೆಯವರು ಕೇಳುವ ಹೊತ್ತಿಗೆ ಇವರು ಕುಂಟಲಿಕ್ಕೆ ಹತ್ತಿದ್ದರು. ಪೂಜಾರಪ್ಪ ಕೈಹಿಡಿದು ಮೇಲೆ ಹತ್ತಿಸಿಕೊಂಡನಂತೆ. ಹಾಗೆ ಕುಂಟಿ ಕುಂಟಿ ಮನೆಗೆ ಬರುವಷ್ಟರಲ್ಲಿ ಇನ್ನೊಂದು ಕಾಲು ನಿಜವಾಗಿಯೂ ಹಿಡಿದುಕೊಂಡಿತ್ತು.

ಮರುದಿನ ಮುಲಾಮು ತಂದೆವು. ಮುಲಾಮಿಗೆ ಪಾಯಿಂಟ್ ಬಿತ್ತು.

ಋಣವಿಲ್ಲದ ಕುರ್ಚಿ

ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿ ಒಬ್ಬ ಮುದುಕಿ ಇದ್ದಾಳೆ, ಓಣಿಗೆಲ್ಲ ಆಯಿ. ಸೊಸೆ ಹೊಲಿಗೆ ಯಂತ್ರ ತುಳಿದು ಮನೆ ನಡೆಸುತ್ತಾಳೆ. ಹುಣ್ಣಿಮೆ ಬಂದರೆ ಹುಲಿಗಿಗೆ ಹೋಗಿ ತಾಯಿಗೆ ಕಾಯಿ ಒಡೆಸುವುದನ್ನು ಆಯಿ ಎಂದೂ ತಪ್ಪಿಸಿದವಳಲ್ಲ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದ ಮೇಲೆ ಮಾತ್ರ ಗೋಡೆ ನೋಡುತ್ತ ಮಲಗುವುದಾಯಿತು. ಎದ್ದು ನಡೆಯುವ ಮಾತು ದೂರ ಎಂದರು ಡಾಕ್ಟರು. ಗಾಲಿ ಕುರ್ಚಿ ಇದ್ದರೆ ತಿರುಗಾಡಬಹುದು ಎಂದರು.

ಓಣಿಯವರೆಲ್ಲ ರೊಕ್ಕ ಕೂಡಿಸಿ ತರುತ್ತೇವೆ ಎಂದೆವು. ಆಯಿ ಮಲಗಿದಲ್ಲಿಂದಲೇ ಗದರಿದಳು.

"ಒಬ್ಬರ ಋಣಾ ಇಟ್ಕೊಂಡು ಹುಲಿಗಿ ತಾಯಿ ಮುಂದ ಹೆಂಗ ಕೂಡ್ಲಿ? ಒಲ್ಲೆ."

ಅದೇ ವಾರ ಔಷಧಿ ಅಂಗಡಿಯವರು ಬಹುಮಾನದ ಪುಸ್ತಕ ಕೊಟ್ಟರು. ಮೊದಲ ಹಾಳೆಯಲ್ಲಿ ನೀರಿನ ಬಾಟಲಿ, ನಡುವೆ ಬಿಪಿ ನೋಡುವ ಯಂತ್ರ, ಕೊನೆಯ ಹಾಳೆಯಲ್ಲಿ ಗಾಲಿ ಕುರ್ಚಿ. ಓಡಿಹೋಗಿ ಆಯಿಗೆ ತೋರಿಸಿದೆ.

"ಇದು ರೊಕ್ಕಾ ಕೊಟ್ಟು ತರೂದಲ್ಲ ಆಯಿ. ಪಾಯಿಂಟಿಗೆ ಬರ್ತೈತಿ. ಕೊಸರು ಇದ್ದಂಗ."

ಆಯಿ ಬಹಳ ಹೊತ್ತು ಚಿತ್ರ ನೋಡಿದಳು. "ಕೊಸರಿಗೆ ಋಣಾ ಇಲ್ಲ ಬಿಡು," ಎಂದಳು. "ಕೊಸರು ಅಂದ್ರ ತರ್ರಿ."

ಆದರೆ ಆ ಪಾಯಿಂಟ್ ನಮ್ಮ ಮನೆಯವರೊಬ್ಬರ ಶುಗರಿನಿಂದ ಆಗುವಂಥದ್ದಲ್ಲ. ಮೇಲಾಗಿ ಮಾರ್ಚ್ ಮುಗಿದರೆ ಕೂಡಿಸಿದ್ದೆಲ್ಲ ಅಳಿಸಿ ಹೋಗುತ್ತದೆ. ಅಂದೇ ಕಟ್ಟೆಯ ಮೇಲೆ ಓಣಿಯವರನ್ನು ಕೂಡಿಸಿದೆ. ಯಾರು ಏನು ಕೊಂಡರೂ ನನ್ನ ನಂಬರು ಹೇಳಬೇಕು ಎಂದಾಯಿತು. ಮಗ್ಗಿ ಕಲಿಸಿದ ಬಾಯಿ ನನ್ನದು, ಎಲ್ಲರಿಗೂ ನಂಬರು ಬಾಯಿಪಾಠ ಮಾಡಿಸಿಯೇ ಎಬ್ಬಿಸಿದೆ. ಬೇವೂರಿನ ನನ್ನ ತಂಗಿ ಯಲಬುರ್ಗಾದ ಅಂಗಡಿಯಲ್ಲಿ ಹೇಳಿದಳು, ಕುಷ್ಟಗಿ, ಗಂಗಾವತಿಯ ನೆಂಟರು ತಮ್ಮ ಊರಲ್ಲಿ ಹೇಳಿದರು, ಅಳವಂಡಿಯ ಬೀಗರು ಕೊಪ್ಪಳಕ್ಕೆ ಬಂದಾಗ ಹೇಳಿದರು.

ಬಾಯಿಪಾಠ ಸ್ವಲ್ಪ ಹೆಚ್ಚೇ ಗಟ್ಟಿಯಾಯಿತು. ಹದಿನೈದು ದಿನಕ್ಕೆ ನನ್ನ ಫೋನಿಗೆ ಸಂದೇಶ ಬಂತು: ನಿಮ್ಮ ಎಮ್ಮೆಗೆ ಲಸಿಕೆ ಹಾಕಿಸುವ ದಿನ ಸಮೀಪಿಸಿದೆ. ನಮ್ಮಲ್ಲಿ ಬೆಕ್ಕು ಸಹ ಇಲ್ಲ. ವಿಚಾರಿಸಿದರೆ ಓಣಿಯ ಕಡೆಯ ಮನೆಯ ಕಾಕಾ ದನದ ದವಾಖಾನೆಯಲ್ಲಿ ನಂಬರು ಕೇಳಿದಾಗ ನನ್ನದನ್ನೇ ಹೇಳಿ ಬಂದಿದ್ದ.

"ನಿಮ್ಮ ನಂಬರ್ ಯಾಕ ಹೇಳಲಿಲ್ಲ ಕಾಕಾ?"

"ನಂದು ನನಗ ಎಲ್ಲಿ ನೆನಪೈತಿ ಅಕ್ಕೋರ? ನಿಮ್ಮದಷ್ಟ ಬರ್ತೈತಿ."

ಏನೆಂದು ಬೇಡಿಕೊಳ್ಳಲಿ?

ಫೆಬ್ರವರಿಯಲ್ಲಿ ಎದುರುಮನೆಯ ಹೆಣ್ಣುಮಗಳು ಮುಖ ಸಣ್ಣದು ಮಾಡಿಕೊಂಡು ಬಂದಳು.

"ಅಕ್ಕೋರ, ಈ ತಿಂಗಳು ನಮ್ಮ ಮನಿಯಿಂದ ಒಂದು ಪಾಯಿಂಟೂ ಇಲ್ರಿ. ಯಾರಿಗೂ ನೆಗಡಿ ಸೈತ ಬರಲಿಲ್ಲ. ನಾಚಿಕಿ ಆಗತೈತಿ."

"ಪಾಯಿಂಟಿನ ಸಲುವಾಗಿ ಯಾರೂ ಜಡ್ಡಿಗೆ ಬೀಳಬ್ಯಾಡ್ರೆವ್ವ," ಎಂದು ಸಮಾಧಾನ ಮಾಡಿ ಕಳಿಸಿದೆ. ಕಳಿಸಿ ದೇವರ ಮುಂದೆ ಕೂತರೆ ನನಗೇ ಕಗ್ಗಂಟು. ಪಾಯಿಂಟ್ ಬರಲಿ ಎಂದು ಬೇಡಿದರೆ ಜಡ್ಡು ಬರಲಿ ಎಂದು ಬೇಡಿದ ಹಾಗೆ. ಎಲ್ಲರೂ ಆರಾಮ ಇರಲಿ ಎಂದು ಬೇಡಿದರೆ ಆಯಿಗೆ ಕುರ್ಚಿಯಿಲ್ಲ. ದೀಪದ ಎಣ್ಣೆ ತೀರುವವರೆಗೆ ಯೋಚಿಸಿ ಕಡೆಗೆ ಕೈಮುಗಿದು ಹೇಳಿದೆ:

"ತಾಯಿ, ಎಲ್ಲಾರನೂ ಆರಾಮ ಇಡು. ಸಾಬೂನು, ಟೂತ್‌ಪೇಸ್ಟ್ ಮಾತ್ರ ಅದ ಅಂಗಡಿಯಾಗ ಕೊಳ್ಳೂ ಬುದ್ಧಿ ಕೊಡು."

ತಾಯಿ ನಡೆಸಿಕೊಟ್ಟಳು. ಆ ತಿಂಗಳು ನಮ್ಮ ಓಣಿಯಷ್ಟು ಸ್ವಚ್ಛ ಓಣಿ ಜಿಲ್ಲೆಯಲ್ಲಿ ಇರಲಿಲ್ಲ.

ರೋಗಿಯನ್ನು ನೋಡಲು ಬಂದವರು

ಮಾರ್ಚ್ ಕೊನೆಯ ವಾರ. ಕುರ್ಚಿಗೆ ಬೇಕಾದಷ್ಟು ಪಾಯಿಂಟ್ ಆಗಿದ್ದವು. ನಾಳೆ ಹೋಗಿ ಕೇಳಬೇಕು ಎನ್ನುವಾಗ ಅಂಗಡಿಯ ದೊಡ್ಡ ಆಫೀಸಿನಿಂದ ಫೋನು ಬಂತು. ಆ ಕಡೆ ಒಬ್ಬ ಹುಡುಗಿ.

"ಮೇಡಂ, ನಿಮ್ಮ ಆರೋಗ್ಯ ಹೆಂಗೈತ್ರಿ?"

"ತಾಯಿ ದಯದಿಂದ ಛಲೋ ಐತವ್ವ."

"ನಿಮ್ಮ ವಯಸ್ಸು?"

"ಅರವತ್ತೆರಡು."

ಆ ಕಡೆ ಕಂಪ್ಯೂಟರಿನ ಕೀಲಿ ಟಕಟಕ ಎಂದಿತು. "ಮತ್ತ ಹೆರಿಗಿ ಯಾವಾಗ್ರಿ?"

ನಾನು ಕುರ್ಚಿ ಎಳೆದುಕೊಂಡು ಕೂತೆ. ಅವಳು ಮೆಲ್ಲಗೆ ಓದಿದಳು: "ನಮ್ಮ ಕಂಪ್ಯೂಟರಿನ್ಯಾಗ ನೀವು ಬಸರಿ ಅಂತ ಐತ್ರಿ. ನಿಮಗ ಬಿಪಿ, ಶುಗರ್, ದಮ್ಮು ಎಲ್ಲಾ ಅದಾವ. ಇತ್ತೀಚಿಗೆ ನಿಮಗ ಹಾಲಹಲ್ಲು ಬರಾಕತ್ತಾವ. ದಿನಾ ಗಡ್ಡ ಬೋಳಿಸ್ಕೋತೀರಿ. ಹೋದ ಸೋಮವಾರ ಒಂದ ತಾಸಿನ್ಯಾಗ ಕುಷ್ಟಗಿ, ಗಂಗಾವತಿ, ಯಲಬುರ್ಗಾ ಮೂರೂ ಕಡೆ ಗುಳಿಗಿ ಒಯ್ದೀರಿ."

"ಅದು ಅಂಜನಾದ್ರಿ ಹನುಮಪ್ಪನ ಕೈಲಷ್ಟ ಆಗೂ ಕೆಲಸ ತಂಗಿ," ಎಂದೆ.

ಅವಳು ನಗಲಿಲ್ಲ. ಪಾಯಿಂಟನ್ನೆಲ್ಲ ತಡೆಹಿಡಿದಿದ್ದಾರಂತೆ. ಸಾಹೇಬರೊಬ್ಬರು ಮನೆಗೇ ಬಂದು ನೋಡುತ್ತಾರಂತೆ.

ಓಣಿಯಲ್ಲಿ ಸುದ್ದಿ ಹಬ್ಬಿತು. "ಎಲ್ಲಾರೂ ನಮ್ಮ ಮನ್ಯಾಗ ಇರ್ತಾರ ಅಂತ ಹೇಳಿಬಿಡು," ಎಂದರು ನಮ್ಮ ಮನೆಯವರು. ಆಯಿಯ ಕುರ್ಚಿಯ ಮಾತು, ನಿಜ. ಆದರೆ ಸುಳ್ಳು ಹೇಳಿ ತಂದ ಕುರ್ಚಿಯನ್ನು ತಾಯಿಯ ಗುಡಿಗೆ ತಳ್ಳಿಕೊಂಡು ಹೋಗುವುದು ಹೇಗೆ? ಇದ್ದದ್ದು ಇದ್ದ ಹಾಗೆ ಹೇಳುವುದು, ಮುಂದಿನದು ಅವಳಿಗೆ ಬಿಟ್ಟದ್ದು ಎಂದೆ.

ಎರಡು ದಿನಕ್ಕೆ ಸಾಹೇಬರು ಬಂದರು. ಎಳೆಯ ವಯಸ್ಸು. ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು. ನಾನು ರೊಟ್ಟಿ ಬಡಿಯುತ್ತಿದ್ದೆ.

"ಪೇಶಂಟ್ ಎಲ್ಲಿ ಅದಾರ್ರಿ?" ಎಂದು ಪಿಸುಮಾತಿನಲ್ಲಿ ಕೇಳಿದರು.

"ನಾನ ರೀ."

ಅವರು ನನ್ನನ್ನು ನೋಡಿದರು, ರೊಟ್ಟಿಯ ರಾಶಿ ನೋಡಿದರು, ಬಾಳೆಹಣ್ಣನ್ನು ಯಾರಿಗೆ ಕೊಡಬೇಕೋ ತಿಳಿಯದೆ ತಮ್ಮ ತೊಡೆಯ ಮೇಲೇ ಇಟ್ಟುಕೊಂಡು ಕೂತರು. ಪಟ್ಟಿ ತೆಗೆದು ಒಂದೊಂದೇ ಓದಿದರು. ನಾನು ಬಾಗಿಲಿಗೆ ಹೋಗಿ ಕೂಗಿದೆ. ಓಣಿಯವರೆಲ್ಲ ಬಂದು ತಮ್ಮ ತಮ್ಮದನ್ನು ಒಪ್ಪಿಕೊಂಡರು.

"ಆ ಬಸರು ನಂದ್ರಿ."

"ಆ ದಮ್ಮು ನಂದು."

"ಗಡ್ಡ ನಂದ್ರಿ ಸಾಹೇಬ್ರ," ಎಂದ ಎಮ್ಮೆಯ ಕಾಕಾ.

"ಹಾಲಹಲ್ಲು ಈಕೀದು," ಎಂದು ಎದುರುಮನೆಯವಳು ಕೂಸಿನ ಬಾಯಿ ತೆಗೆದು ತೋರಿಸಿದಳು.

ಯಾಕೆ ಹೀಗೆ ಮಾಡಿದೆವು ಎಂದು ಆಯಿಯ ಕತೆ ಹೇಳಿದೆ. ಸಾಹೇಬರು ತಲೆ ಕೆಳಗೆ ಹಾಕಿದರು. "ನೀವು ಖರೇನ ಹೇಳಿದ್ರಿ, ನನಗ ತಿಳೀತು. ಆದ್ರ ಒಂದು ನಂಬರು ಒಂದ ಕುಟುಂಬಕ್ಕ ಅಂತ ನಿಯಮ ಐತ್ರಿ. ನಾ ಏನು ಮಾಡ್ಲಿ?"

"ಮೊದಲು ಊಟಾ ಮಾಡ್ರಿ," ಎಂದೆ. ಊಟದ ಹೊತ್ತಿಗೆ ಬಂದವರನ್ನು ಹಸಿದು ಕಳಿಸುವ ನಿಯಮ ನಮ್ಮ ಓಣಿಯಲ್ಲಿಲ್ಲ. ನನ್ನ ರೊಟ್ಟಿಗೆ ಎದುರುಮನೆಯಿಂದ ಎಣಗಾಯಿ ಬಂತು. ಬಸುರಿಯ ಮನೆಯಿಂದ ಮೊಸರು, ಕಾಕಾನ ಮನೆಯಿಂದ ಶೇಂಗಾ ಚಟ್ನಿ. ಎರಡು ಮನೆ ಆಚೆಯ ಶುಗರಿನವರ ಮನೆಯಿಂದಲೇ ಹೋಳಿಗೆ ಬಂತು.

ಸಾಹೇಬರು ಎರಡನೆಯ ರೊಟ್ಟಿ ಮುರಿಯುವಾಗ ಪಕ್ಕದ ಮನೆಯ ಕಿಟಕಿಯಿಂದ ಆಯಿಯ ಧ್ವನಿ ಬಂತು.

"ತಮ್ಮಾ, ಎಣಗಾಯಿ ಯಾರ ಮನಿದು?"

"ಗೊತ್ತಿಲ್ರಿ ಆಯಿ. ಚಟ್ನಿ, ಮೊಸರು, ಪಲ್ಯ ಎಲ್ಲಾ ತಾಟಿನ್ಯಾಗ ಕಲತು ಹೋಗ್ಯಾವ."

"ನಮ್ಮ ಪಾಯಿಂಟೂ ಹಂಗ ಅದಾವಪ್ಪ."

ಅವರು ತಾಟಿನಲ್ಲಿದ್ದದ್ದನ್ನೆಲ್ಲ ರೊಟ್ಟಿಯಿಂದ ಬಳಿದು ಉಂಡು ಮುಗಿಸಿದರು. ಆಮೇಲೆ ಕೈ ತೊಳೆದು ಹೊರಗೆ ಹೋಗಿ ತಮ್ಮ ಮೇಲಿನವರಿಗೆ ಫೋನು ಹಚ್ಚಿದರು. ಏನು ಮಾತಾಡಿದರೋ ತಾಯಿಗೇ ಗೊತ್ತು. ಬಂದವರೇ ಒಂದು ಹಾಳೆ ತೆಗೆದು, "ಕುಟುಂಬದ ಸದಸ್ಯರು ಎಷ್ಟು ಮಂದಿ ಅಂತ ಬರೀಲಿ?" ಎಂದರು.

ನಾನು ಎಣಿಸಲಿಕ್ಕೆ ಹತ್ತಿದೆ. ನಮ್ಮ ಮನೆಯವರು ಬಸುರಿಯ ಕಡೆ ಬೊಟ್ಟು ಮಾಡಿ ನಡುವೆ ಬಾಯಿ ಹಾಕಿದರು: "ಆಕಿನ್ನ ಎರಡು ಅಂತ ಹಿಡಿ, ಬಸರಿ ಅದಾಳ."

ಹುಣ್ಣಿಮೆಗೆ ಎರಡು ದಿನ ಇರುವಾಗ ಸಾಹೇಬರೇ ಗಾಲಿ ಕುರ್ಚಿ ತಂದು ಕೊಟ್ಟರು. ಆಯಿಯನ್ನು ಎತ್ತಿ ಕೂಡಿಸಿದೆವು. ಸೊಸೆ ಅಂಗಳದ ತುಂಬ ಒಂದು ಸುತ್ತು ತಿರುಗಿಸಿದಳು. ಎಷ್ಟೋ ತಿಂಗಳ ಮೇಲೆ ಆಯಿ ಓಣಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ನಮ್ಮೆಲ್ಲರ ಕಣ್ಣು ತುಂಬಿ ಬಂತು. ಸಾಹೇಬರೂ ಆಚೆ ಮುಖ ಮಾಡಿ ಕನ್ನಡಕ ಒರೆಸಿಕೊಂಡರು.

ಆಯಿ ಮಾತ್ರ ಗಾಲಿ ಮುಟ್ಟಿ ನೋಡಿದಳು, ಕೈ ಹಿಡಿಕೆ ಅಲ್ಲಾಡಿಸಿ ನೋಡಿದಳು. ಎಲ್ಲ ಗಟ್ಟಿ ಇದೆ ಎಂದು ಖಾತ್ರಿಯಾದ ಮೇಲೆ ಸಾಹೇಬರ ಮುಂದೆ ಕೈ ಚಾಚಿದಳು.

"ಕುರ್ಚಿ ಛಲೋ ಐತಿ ತಮ್ಮಾ. ಇದಕ್ಕ ಕೊಸರು?"

ಸಾಹೇಬರು ಅತ್ತ ಇತ್ತ ನೋಡಿದರು. ಕಿಸೆಯಲ್ಲೆಲ್ಲ ತಡಕಾಡಿದರು, ಕಡೆಗೆ ಕೆಮ್ಮಿಗೆ ಚೀಪುವ ಒಂದು ಪೆಪ್ಪರಮೆಂಟು ಸಿಕ್ಕಿತು, ಅದನ್ನು ಆಯಿಯ ಅಂಗೈಯಲ್ಲಿಟ್ಟರು.

"ಈಗ ವ್ಯಾಪಾರ ಮುಗೀತು," ಎಂದು ಆಯಿ ಅದನ್ನು ಬಾಯಿಗೆ ಹಾಕಿಕೊಂಡು, "ನಡೀ, ಹುಲಿಗಿಗೆ," ಎಂದು ಸೊಸೆಗೆ ಹೇಳಿದಳು. ಹುಣ್ಣಿಮೆಗೆ ಇನ್ನೂ ಎರಡು ದಿನ ಇತ್ತು.

ಇಷ್ಟು ಹೊತ್ತು ಕಿವಿಗೊಟ್ಟ ನಿಮಗೆಲ್ಲ ಆ ತಾಯಿ ಗಟ್ಟಿ ಕಾಲು, ಹಗುರ ಎದೆ, ಒಳ್ಳೆಯ ಓಣಿ ಕೊಡಲಿ. ಔಷಧಿ ಅಂಗಡಿಯ ಮೆಟ್ಟಿಲು ಹತ್ತುವ ಪ್ರಸಂಗ ಬಂದರೆ ಅದು ಬರೀ ಸಾಬೂನಿಗಾಗಿ ಇರಲಿ.