ಅತ್ತೆಯ ಊರಿಗೆ ನುಗ್ಗಿದ ನೀರು

"ಅಂಗಡಿಗೆ ಯಾಕೆ ಕೊಡ್ಬೇಕು? ನಾನಿಲ್ವಾ!" ಎಂದು ನಾನು ತೊಡೆ ತಟ್ಟಿದ್ದು ಒಂದು ಭಾನುವಾರ ಬೆಳಿಗ್ಗೆ. ನಾನು ಲಿಫ್ಟ್ ಮೆಕ್ಯಾನಿಕ್. ನಲವತ್ತು ಮಹಡಿ ಹತ್ತಿಳಿಯುವ ಯಂತ್ರವನ್ನೇ ಬಿಚ್ಚಿ ಜೋಡಿಸುವ ಮಹಾಶಯನಿಗೆ ಒಂದು ಲ್ಯಾಪ್‌ಟಾಪ್ ಯಾವ ಲೆಕ್ಕ!

ಲ್ಯಾಪ್‌ಟಾಪ್ ನನ್ನದಲ್ಲ, ಅತ್ತೆಯದು. ಹೆಂಡತಿಯ ತಾಯಿ. ಮೂವತ್ತೆರಡು ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವರು. ನಿವೃತ್ತರಾದ ಮೇಲೆ ಬೇರೆಯವರು ಗಿಡ ನೆಟ್ಟರೆ ಇವರು ಗೇಮಿಂಗ್ ಲ್ಯಾಪ್‌ಟಾಪ್ ಕೊಂಡು ಊರು ಕಟ್ಟುವ ಆಟಕ್ಕೆ ಕುಳಿತರು. ನಾಲ್ಕು ವರ್ಷದಲ್ಲಿ ರಸ್ತೆ, ಸೇತುವೆ, ರೈಲು, ಬಂದರು ಎಲ್ಲ ಎದ್ದು, ಊರು ಬೆಳೆದು ಬೆಳೆದು ಅದನ್ನೆಲ್ಲ ತುಂಬಿಟ್ಟುಕೊಳ್ಳುವ ಡ್ರೈವಿನಲ್ಲಿ ಸೂಜಿ ಊರಲೂ ಜಾಗವಿಲ್ಲದಂತಾಯಿತು. ಸಾಲದ್ದಕ್ಕೆ ಸ್ಕ್ರೀನಿನ ಮೂಲೆಯಲ್ಲಿ ಕಪ್ಪು ಮಚ್ಚೆ ಬೇರೆ. "ಮೂರು ತಿಂಗಳಿಂದ ಬಂದರಿಗೆ ಹಡಗು ಬರ್ತಿದೆಯೋ ಮುಳುಗ್ತಿದೆಯೋ ಗೊತ್ತಾಗ್ತಿಲ್ಲ" ಎಂದು ಕೊರಗುತ್ತಿದ್ದರು.

ಹೊಸ ಸ್ಕ್ರೀನು, ಹೊಸ ಡ್ರೈವು ತರಿಸಿದೆ. ಹಳೆಯ ಡ್ರೈವಿನಲ್ಲಿದ್ದುದನ್ನು ಆಮೇಲೆ ಹೊಸದಕ್ಕೆ ನಕಲು ಮಾಡುವುದೆಂದು ನನ್ನ ಯೋಜನೆ.

"ಜೋಪಾನ ಅಳಿಯಂದಿರೇ. ಒಂದು ಲಕ್ಷ ಇಪ್ಪತ್ತು ಸಾವಿರ ಜನ ಇದ್ದಾರೆ ಅದರಲ್ಲಿ" ಎಂದು ಹೇಳಿ ಅತ್ತೆ, ಕಣ್ಣಾರೆ ನೋಡಲಾರದೆ ತರಕಾರಿ ತರಲು ಹೊರಟುಬಿಟ್ಟರು.

ಊಟದ ಮೇಜಿನ ಮೇಲೆ ತಳದ ಹನ್ನೊಂದು ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದೆ. ಅಬ್ಬಬ್ಬಾ! ಕೂದಲೆಳೆಯಂಥ ತಾಮ್ರದ ದಾರಿಗಳು, ಸಾಸಿವೆಗಿಂತ ಸಣ್ಣ ತುಣುಕುಗಳು, ಚಿಟ್ಟೆಯ ರೆಕ್ಕೆಯಷ್ಟು ತೆಳ್ಳಗಿನ ಫ್ಯಾನಿನ ಎಲೆಗಳು! ಉಸಿರು ಬಿಟ್ಟರೆ ಎಲ್ಲಿ ಹಾರಿಹೋಗುತ್ತವೋ ಎಂದು ಬಾಯಿ ಮುಚ್ಚಿ ಕುಳಿತೆ. ನಾನು ಅಷ್ಟು ಹೊತ್ತು ಬಾಯಿ ಮುಚ್ಚಿದ್ದನ್ನು ನಂಬಲಾರದೆ ಹೆಂಡತಿ ಎರಡು ಸಲ ಇಣುಕಿ ಹೋದಳು.

ಹಳೆಯ ಡ್ರೈವ್ ಹೊರಗೆ ಬಂತು. ನನ್ನ ಹೆಬ್ಬೆರಳಿಗಿಂತ ಸ್ವಲ್ಪ ಉದ್ದದ ಒಂದು ಪಟ್ಟಿ, ಅಷ್ಟೇ. ಇಷ್ಟರೊಳಗೆ ಇಡೀ ಊರೇ! ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಭಯಭಕ್ತಿಯಿಂದ ಎದೆಯ ಜೇಬಿಗೆ ಇಳಿಸಿದೆ. ಅದಕ್ಕಿಂತ ಭದ್ರವಾದ ಜಾಗ ಯಾವುದಿದೆ?

ಹೊಸ ಡ್ರೈವ್ ಕೂರಿಸಿ, ಹೊಸ ಸ್ಕ್ರೀನಿನ ಕೇಬಲ್ ಜೋಡಿಸುವಾಗ ಹೆಂಡತಿ ಮತ್ತೆ ಬಂದಳು. "ರೀ, ಆ ಶರ್ಟು ಬಿಚ್ಚಿ ಕೊಡಿ. ಬೆವರಲ್ಲಿ ಒದ್ದೆಮುದ್ದೆ ಆಗಿದೆ. ಹೇಗೂ ಮೆಷಿನ್ ಹಾಕ್ತಿದ್ದೀನಿ."

ಕೇಬಲ್ಲಿನಿಂದ ಕಣ್ಣು ಕೀಳದೆ ಬಿಚ್ಚಿ ಕೊಟ್ಟೆ. ಬನಿಯನ್ನಿನಲ್ಲೇ ಕೆಲಸ ಮುಂದುವರಿಸಿದೆ.

ಮುಚ್ಚಳ ಹಾಕಬೇಕು, ಅಷ್ಟರಲ್ಲಿ ಅತ್ತೆ ಬಂದರು. "ತಡೀರಿ! ನಮ್ಮ ಥಿಯೇಟರಲ್ಲಿ ಎಣಿಸದೆ ಹೊಟ್ಟೆ ಮುಚ್ಚೋ ಹಾಗಿಲ್ಲ. ಸ್ಕ್ರೂ ಎಷ್ಟು?"

"ಹನ್ನೊಂದು."

"ಸರಿ. ಹೊರಗೆ ತೆಗೆದಿದ್ದು? ಹಳೇ ಡ್ರೈವ್?"

"ಇಲ್ಲೇ..." ಎಂದು ಎದೆ ಮುಟ್ಟಿಕೊಂಡೆ. ಬರೀ ಬನಿಯನ್! ಬಚ್ಚಲಿನ ಕಡೆಯಿಂದ ಗರಗರ ಸದ್ದು ಕೇಳಿಸಿತು.

ಓಡಿದೆವು. ಮೆಷಿನ್ನಿನ ದುಂಡು ಗಾಜಿನ ಹಿಂದೆ ನನ್ನ ಶರ್ಟು ನೊರೆಯಲ್ಲಿ ಪಲ್ಟಿ ಹೊಡೆಯುತ್ತಿತ್ತು. ಒಂದು ಲಕ್ಷ ಇಪ್ಪತ್ತು ಸಾವಿರ ಜನ, ರೈಲು, ಸೇತುವೆ, ಎಲ್ಲಾ ಪ್ರಳಯದಲ್ಲಿ! ಬಾಗಿಲು ಜಗ್ಗಿದೆ. ಬರಲಿಲ್ಲ.

"ನಲವತ್ತು ಮಹಡಿ ಲಿಫ್ಟ್ ಬಾಗಿಲು ತೆಗೀತೀರಿ, ಇದು ಆಗಲ್ವಾ?" ಎಂದಳು ಹೆಂಡತಿ. "ಅಮ್ಮಾ, ಹನ್ನೊಂದು ಸ್ಕ್ರೂನೂ ಸರಿಯಾಗಿದೆ. ಲೂಸ್ ಆಗಿರೋದು ಹನ್ನೆರಡನೇದು. ಇವರದ್ದು!"

ಅತ್ತೆ ಮಾತ್ರ ಹುಬ್ಬೂ ಅಲುಗಿಸಲಿಲ್ಲ. ಗೋಡೆಯ ಸ್ವಿಚ್ ಆರಿಸಿದರು, ನೀರು ಇಳಿಸುವ ಪೈಪು ಎಳೆದರು, ಬಾಗಿಲ ಬೀಗ ಸಡಿಲವಾಗುವವರೆಗೆ ಗಡಿಯಾರ ನೋಡುತ್ತ ನಿಂತರು. ಆಮೇಲೆ ಒಂದೇ ಸಲ ಕೈ ಹಾಕಿ ಜೇಬಿನಿಂದ ಆ ಪಟ್ಟಿಯನ್ನು ಎತ್ತಿದರು. "ಬಿಳಿ ಟವೆಲ್. ಸ್ಪಿರಿಟ್. ಹತ್ತಿ." ಕೇಳಿದ್ದನ್ನು ನಾನು ಕೈಗೆ ಕೊಡುತ್ತ ಹೋದೆ. ಆ ಬೆರಳುಗಳು! ನಡುಕವಿಲ್ಲ, ಅವಸರವಿಲ್ಲ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

"ಮೂರು ದಿನ ಯಾರೂ ಮುಟ್ಟಬಾರದು" ಎಂದು ಅದನ್ನು ಕಪಾಟಿನಲ್ಲಿ ಮಲಗಿಸಿದರು.

ಆ ಮೂರು ದಿನ ನಾನು ಅನ್ನ ಸೇರದೆ ತಿರುಗಿದೆ. ಬೈದಿದ್ದರೆ ಹಗುರಾಗುತ್ತಿತ್ತು. "ಹೋದ್ರೆ ಹೋಗ್ಲಿ ಬಿಡಿ, ಇನ್ನೊಂದು ಊರು ಕಟ್ಟಿದ್ರಾಯ್ತು" ಎಂದು ಅವರು ಮೆಲ್ಲಗೆ ಹೇಳಿದಾಗ ಮುಖ ಎತ್ತಲಾಗಲಿಲ್ಲ. ನಾಲ್ಕು ವರ್ಷದ ಊರು!

ನಾಲ್ಕನೆಯ ದಿನ ಅತ್ತೆಯೇ ಕುಳಿತು ಹಳೆಯದನ್ನು ಹೊಸದಕ್ಕೆ ನಕಲು ಮಾಡಿದರು. ಗುಂಡಿ ಒತ್ತಿದರು. ಹೊಸ ಸ್ಕ್ರೀನು ಬೆಳಗಿತು. ಊರು ಬಂತು! ಬೆಳಗಿನ ಬಿಸಿಲಲ್ಲಿ ಸಾವಿರಾರು ಕಿಟಕಿಗಳು ಹೊಳೆದವು, ಸೇತುವೆಯ ಮೇಲೆ ರೈಲು ಹೊರಟಿತು, ಬಂದರಿನಲ್ಲಿ ಏಳು ಹಡಗುಗಳು ಸುಖವಾಗಿ ನಿಂತಿದ್ದವು. ಇಷ್ಟು ದಿನ ನಾನು ಇದನ್ನು 'ಆಟ' ಎನ್ನುತ್ತಿದ್ದೆನಲ್ಲ!

"ಅತ್ತೆ, ನದಿ ಪಕ್ಕದಲ್ಲಿ ಆ ನೀಲಿ ಮನೆ ಯಾರದು?"

"ನಿಮ್ಮದೇ, ಅಳಿಯಂದಿರೇ."

ನನ್ನ ಕಣ್ಣು ತುಂಬಿತು. ಇಷ್ಟು ದೊಡ್ಡ ಊರಿನಲ್ಲಿ ಈ ಪಾಮರನಿಗೂ ಒಂದು ಮನೆ! ಸ್ಕ್ರೀನಿಗೆ ಇನ್ನಷ್ಟು ಬಗ್ಗಿ ಕೇಳಿದೆ: "ಎಡಗಡೆ ಆ ಕೆಂಪು ಕಟ್ಟಡ?"

"ಅಗ್ನಿಶಾಮಕ ಠಾಣೆ."

"ಬಲಗಡೆ?"

"ಆಸ್ಪತ್ರೆ. ನೀವು ನಮ್ಮ ಸೀಲಿಂಗ್ ಫ್ಯಾನ್ ರಿಪೇರಿ ಮಾಡಿದ್ರಲ್ಲ, ಅದರ ಮಾರನೇ ದಿನಾನೇ ಎರಡನ್ನೂ ಕಟ್ಟಿಸಿಬಿಟ್ಟೆ."