ಆಷಾಢದಲ್ಲಿ ಅಳೆದ ರಸ್ತೆ

ಯಾರು ಏನು ಹೇಳಿದರೂ ‘ಅಳೆದು ನೋಡಿದಿರಾ?’ ಎಂದು ಕೇಳುವುದು ನನ್ನ ಹಳೆಯ ಚಾಳಿ. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿ, ಬಸವನಗುಡಿಯ ಕಾಲೇಜೊಂದರಲ್ಲಿ ಅದನ್ನೇ ಪಾಠ ಮಾಡಿದ್ದರ ಫಲ. ಇದರಿಂದ ಸ್ನೇಹಿತರು ಕಡಿಮೆಯಾದರು. ಹೆಂಡತಿ ಉಳಿದಿದ್ದಾಳೆ, ಅವಳೂ ಸಾರಿಗೆ ಎಷ್ಟು ಉಪ್ಪು ಹಾಕಿದೆ ಎಂದು ಕೇಳಿದರೆ ಎದ್ದು ಹೋಗುತ್ತಾಳೆ. ಇಂಥ ನಾನು ಸಂಶಯವಿಲ್ಲದೆ ನಂಬಿದ್ದು ಒಂದನ್ನೇ: ಶಂಕರಪುರದ ನಮ್ಮ ಮನೆಯಿಂದ ಮಲ್ಲೇಶ್ವರದ ಛತ್ರಕ್ಕೆ ಇಪ್ಪತ್ತು ನಿಮಿಷ. ತೊಂಬತ್ತರ ದಶಕದ ಮೊದಲಲ್ಲಿ ಆ ಛತ್ರದಲ್ಲಿ ನಡೆದ ಅಕ್ಕನ ಹಿರಿಯ ಮಗಳ ಮದುವೆಯ ನೆನಪಿನ ಜೊತೆಗೇ ಆ ಇಪ್ಪತ್ತು ನಿಮಿಷವೂ ತಲೆಯಲ್ಲಿ ಭದ್ರವಾಗಿ ಕೂತಿತ್ತು.

ಹನ್ನೆರಡು ವರ್ಷದ ಮೇಲೆ ಕಿರಿಯವಳ ಮದುವೆ ಅದೇ ಛತ್ರದಲ್ಲಿ ನಿಶ್ಚಯವಾಯಿತು. ಬೆಳಗ್ಗೆ ಒಂಬತ್ತೂವರೆಯಿಂದ ಹತ್ತರೊಳಗೆ ಮುಹೂರ್ತ. ನಮ್ಮಲ್ಲಿ ಹೆಣ್ಣನ್ನು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಅಕ್ಕನಿಗೆ ನಾನೊಬ್ಬನೇ ತಮ್ಮ. ಅವಳು ಫೋನ್ ಮಾಡಿದಳು.

“ನೋಡೋ, ಹಿಂದಿನ ದಿನವೇ ಬಂದ್ಬಿಡು.”

“ಛತ್ರದ ಜಮಖಾನದ ಮೇಲೆ ನಂಗೆ ನಿದ್ದೆ ಬರಲ್ಲ ಅಕ್ಕಾ. ಇಪ್ಪತ್ತು ನಿಮಿಷದ ದಾರಿ.”

“ಈಗಿನ ಟ್ರಾಫಿಕ್ ಗೊತ್ತೇನೋ ನಿಂಗೆ?”

“ಅಳೆದು ಹೇಳ್ತೀನಿ,” ಎಂದೆ.

ಮದುವೆ ಬುಧವಾರ. ಆದ್ದರಿಂದ ಅದಕ್ಕೆ ಮೊದಲಿನ ನಾಲ್ಕು ಬುಧವಾರ ಬೆಳಗ್ಗೆ ಸರಿಯಾಗಿ ಎಂಟಕ್ಕೆ ಸ್ಕೂಟರ್ ಹತ್ತಿದೆ. ಚಾಮರಾಜಪೇಟೆ, ಮೆಜೆಸ್ಟಿಕ್, ಶೇಷಾದ್ರಿಪುರ—ಪ್ರತಿ ಸಿಗ್ನಲ್ಲಿನಲ್ಲೂ ಹಸಿರು ದೀಪ ಎಷ್ಟು ಸಲ ಬಂದು ಹೋದ ಮೇಲೆ ದಾಟಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಉತ್ತರಪತ್ರಿಕೆ ತಿದ್ದಿದ ಕೈ ಸುಮ್ಮನಿರಲಿಲ್ಲ, ರಸ್ತೆಗಳಿಗೂ ಅಂಕ ಕೊಟ್ಟೆ. ಚಾಮರಾಜಪೇಟೆಗೆ ಪ್ರಥಮ ದರ್ಜೆ. ಮೆಜೆಸ್ಟಿಕ್ ಪಾಸಾಗಿದ್ದು ಕೃಪಾಂಕದಿಂದ. ಅಲ್ಲೇ ಒಬ್ಬ ಪೊಲೀಸಿನವನು ಬಂದು, “ಏನ್ ಸಾರ್ ಬರ್ಕೊಳ್ತಿದೀರ?” ಎಂದ. ಟ್ರಾಫಿಕ್ ಯಾಕೆ ನಿಂತಿದೆ ಅಂತ ನೋಡ್ತಿದೀನಿ ಎಂದೆ. “ನೀವು ನಿಂತಿದೀರಲ್ಲ ಸಾರ್, ಅದಕ್ಕೇ. ಗ್ರೀನ್ ಬಿದ್ದು ಎಷ್ಟೊತ್ತಾಯ್ತು, ಹೊರಡಿ!” ಆ ದಿನದ ಅಳತೆಯನ್ನು ಬಿಟ್ಟು ಉಳಿದ ಮೂರರ ಸರಾಸರಿ ತೆಗೆದೆ: ಮೂವತ್ತೈದು ನಿಮಿಷ. ಊರಿನ ಮರ್ಯಾದೆಗೆ ಇನ್ನೂ ಹತ್ತು ಸೇರಿಸಿದೆ. ಎಂಟಕ್ಕೆ ಹೊರಟರೆ ಧಾರಾಳವಾಯಿತು ಎಂದು ಅಕ್ಕನಿಗೆ ತಿಳಿಸಿಬಿಟ್ಟೆ.

ಮದುವೆಯ ದಿನ ನಾವು ಹತ್ತಿದ ಆಟೊ ಮೆಜೆಸ್ಟಿಕ್ ದಾಟಿದಾಗಲೇ ಒಂಬತ್ತಾಗಿತ್ತು. ಶೇಷಾದ್ರಿಪುರದಲ್ಲಂತೂ ನಿಂತೇ ಬಿಟ್ಟಿತು. ಸುತ್ತಲಿನ ಗಾಡಿಗಳಲ್ಲೆಲ್ಲ ರೇಷ್ಮೆ ಸೀರೆ, ಮಲ್ಲಿಗೆ. ಒಂದು ವ್ಯಾನಿನ ಕಿಟಕಿಯಿಂದ ನಾದಸ್ವರ ಹೊರಗೆ ಇಣುಕುತ್ತಿತ್ತು.

“ಶ್ರಾವಣದ ಮೊದಲ್ನೇ ಮುಹೂರ್ತ ಸಾರ್. ಒಂದ್ ಛತ್ರಾನೂ ಖಾಲಿ ಇಲ್ಲ ಇವತ್ತು,” ಎಂದ ಡ್ರೈವರ್.

ಹೆಂಡತಿ ನಿಧಾನವಾಗಿ ನನ್ನ ಕಡೆ ತಿರುಗಿದಳು. “ನೀವು ಅಳೆದಿದ್ದು ಯಾವಾಗ?”

“ಹೋದ ತಿಂಗಳು.”

“ಆಷಾಢದಲ್ಲಿ!”

ಆಷಾಢದಲ್ಲಿ ಯಾರೂ ಮದುವೆ ಮಾಡುವುದಿಲ್ಲವೆಂಬುದು ನಮ್ಮ ಮನೆಯ ಕ್ಯಾಲೆಂಡರಿಗೂ ಗೊತ್ತು. ಪಂಚಾಂಗ ನಂಬದ ನಾನು, ಊರೂ ನಂಬುವುದಿಲ್ಲವೆಂದು ತಿಳಿದು ರಸ್ತೆ ಅಳೆದಿದ್ದೆ.

ಹೆಂಡತಿಯನ್ನು ಆಟೊದಲ್ಲೇ ಬಿಟ್ಟು, ಜರಿಪಂಚೆ ಎತ್ತಿ ಕಟ್ಟಿ ಓಡಿದೆ. ಛತ್ರ ಸೇರಿದಾಗ ಹತ್ತಕ್ಕೆ ಎಂಟು ನಿಮಿಷವಿತ್ತು. ಪುರೋಹಿತರು ಬಾಗಿಲನ್ನೇ ನೋಡುತ್ತ ಮಂತ್ರ ಎಳೆಯುತ್ತಿದ್ದರು. ಒಳಗೆ ಹುಡುಗಿ ತೆಂಗಿನಕಾಯಿ ಹಿಡಿದು ಕೂತಿದ್ದಳು. “ಬಂದ್ಯಾ ಮಾವ? ಇನ್ನೈದು ನಿಮಿಷ ನೋಡಿ ನಾನೇ ನಡ್ಕೊಂಡ್ ಹೋಗ್ತಿದ್ದೆ,” ಎಂದು ನಕ್ಕಳು. ಕಣ್ಣಂಚಿನ ಕಾಡಿಗೆ ಕದಡಿತ್ತು. ಕೈ ಹಿಡಿದುಕೊಂಡು ನಡೆದೆ. ಮಂಟಪಕ್ಕೆ ಎಷ್ಟು ಹೆಜ್ಜೆಯೋ ಅಳೆಯಲು ಹೋಗಲಿಲ್ಲ.

ಊಟವಾದ ಮೇಲೆ ಅಕ್ಕನೆದುರು ರಸ್ತೆಯನ್ನು ಬೈದುಕೊಂಡೆ. “ಆಗ ಹೇಗಿತ್ತು ಹೇಳು! ಹಿರಿಯವಳ ಮದುವೆಗೆ ಇಪ್ಪತ್ತೇ ನಿಮಿಷದಲ್ಲಿ ಬಂದಿರಲಿಲ್ವಾ?”

“ಎಲ್ಲಿಂದ ಬಂದ್ಯೋ?” ಎಂದಳು ಅಕ್ಕ. “ಹಿಂದಿನ ದಿನವೇ ಬಂದು ಇದೇ ಛತ್ರದ ಜಮಖಾನದ ಮೇಲೆ ಗೊರಕೆ ಹೊಡೀತಿದ್ದೆ. ಇಪ್ಪತ್ತು ನಿಮಿಷ ಹಿಡಿದಿದ್ದು ನಿನ್ನ ಎಬ್ಬಿಸೋಕೆ.”

ಅಳೆದು ನೋಡಿದೆಯಾ ಎಂದು ಕೇಳಬಹುದಿತ್ತು. ಆದರೆ ಮಗಳನ್ನು ಒಳಗೆ ಕೂರಿಸಿಕೊಂಡು ಕಾದವಳು ಗಡಿಯಾರ ನೋಡಿಯೇ ಇರುತ್ತಾಳೆ, ಎರಡು ಮದುವೆಯಲ್ಲೂ.