ಸ್ಟಾಪ್‌ವಾಚಿಗೆ ಸಿಗದ ಮೂರು ನಿಮಿಷ

ನಾನು ಇಪ್ಪತ್ತೆರಡು ವರ್ಷಗಳಿಂದ ಮ್ಯಾನೇಜರ್. ಮ್ಯಾನೇಜ್‌ಮೆಂಟ್ ಅಂದರೆ ಏನೆಂದು ತಿಳಿದುಕೊಳ್ಳಲು ನಲವತ್ತಾರನೆಯ ವಯಸ್ಸಿನಲ್ಲಿ ಎಂ.ಬಿ.ಎ.ಗೆ ಸೇರಿದೆ. ಮದುವೆಯಾಗಿ ಮೊಮ್ಮಕ್ಕಳಾದ ಮೇಲೆ ಜಾತಕ ಕೂಡಿಬರುತ್ತದೆಯೇ ಎಂದು ನೋಡಿಸಿದ ಹಾಗೆ ಇದು. ನನ್ನ ಹೆಂಡತಿ ಸುಮತಿ ಫಾರ್ಮನ್ನು ತಿರುಗಿಸಿ ಮುರುಗಿಸಿ ನೋಡಿ, "ಇಷ್ಟು ವರ್ಷ ನೀವು ಮಾಡಿದ್ದು ಮತ್ತೆಂತದು?" ಎಂದು ಕೇಳಿದಳು. ಆದರೆ ಸೇರದೆ ವಿಧಿಯಿರಲಿಲ್ಲ. ನಾನು ಕೆಲಸ ಮಾಡುವ ವಿಲೆ ಪಾರ್ಲೆಯ ಉಡುಪಿ ಹೋಟೆಲಿನ ಮಾಲಕರಾದ ಶೆಟ್ರು ಬಾಂದ್ರಾದಲ್ಲಿ ಇನ್ನೊಂದು ಹೋಟೆಲು ತೆರೆಯುವವರಿದ್ದರು. ಒಂದು ದಿನ ನನ್ನನ್ನು ಕರೆದು, "ಗಣಪಣ್ಣ, ಅಲ್ಲಿ ಜನರಲ್ ಮ್ಯಾನೇಜರ್ ಅಂತ ಬೋರ್ಡ್ ಹಾಕಬೇಕಾದ್ರೆ ಹೆಸರಿನ ಹಿಂದೆ ಎಂತಾದ್ರೂ ಒಂದು ಬಾಲ ಬೇಕಲ್ಲ. ಬಾಲ ತಂದ್ರೆ ಕುರ್ಚಿ ನಿಮ್ಮದು. ಇಲ್ಲದಿದ್ರೆ ಬಾಲ ಇದ್ದವನನ್ನೇ ಹೊರಗಿಂದ ತರುವುದು," ಎಂದಿದ್ದರು. ಹೀಗೆ ವಯಸ್ಸಾದ ಮೇಲೆ ನಾನು ಬಾಲ ಬೆಳೆಸಲು ಹೊರಟೆ.

ಎರಡು ವರ್ಷ ಮನೆಯಿರುವ ವಡಾಲದಿಂದ ಪಾರ್ಲೆಯವರೆಗೆ ಹಾರ್ಬರ್ ಲೈನಿನ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಓದಿದೆ. ಮಾರ್ಕೆಟಿಂಗ್ ಪುಸ್ತಕವನ್ನು ಪಕ್ಕದವರ ಬೆನ್ನಿಗೆ ಆನಿಸಿಟ್ಟು ಓದಿದ್ದರಿಂದ ಅದರ ಅರ್ಧ ಪುಣ್ಯ ಯಾರು ಯಾರಿಗೋ ಸೇರಬೇಕು. ಪರೀಕ್ಷೆಗಳೆಲ್ಲ ಮುಗಿದು ಕೊನೆಗೆ ಉಳಿದದ್ದು ಪ್ರಾಜೆಕ್ಟ್. ನಾವು ಕೆಲಸ ಮಾಡುವ ಜಾಗದ್ದೇ ಒಂದು ಸಮಸ್ಯೆಯನ್ನು ಹಿಡಿದು, ಕಾರಣ ಹುಡುಕಿ, ಪರಿಹಾರ ಸೂಚಿಸಿ, ಮಾಲಕರ ಸಹಿ ಹಾಕಿಸಿ ತರಬೇಕು. ನನಗೆ ಎಷ್ಟು ಹುಮ್ಮಸ್ಸು ಬಂತೆಂದರೆ ಅವತ್ತು ಇಳಿಯಬೇಕಾದ ಸ್ಟೇಷನ್ನೇ ದಾಟಿಹೋಯಿತು. ವಿಷಯ ನನ್ನ ಬಳಿ ಸಿದ್ಧವೇ ಇತ್ತು: ಮಧ್ಯಾಹ್ನದ ಗದ್ದಲದಲ್ಲಿ ನಮ್ಮ ಗಿರಾಕಿ ಮಸಾಲೆ ದೋಸೆಗಾಗಿ ಯಾಕೆ ಅಷ್ಟು ಹೊತ್ತು ಕಾಯಬೇಕು? ಉತ್ತರವೂ ಸಿದ್ಧವಿತ್ತು: ದೋಸೆ ಕಾವಲಿಯ ಮುಂದೆ ನಿಲ್ಲುವ ನಮ್ಮ ಹಿರಿಯ ಅಡುಗೆಯವರು ಶೀನಣ್ಣ. ಅವರ ಕೈ ನಿಧಾನ ಎಂದು ನಾನು, ನನ್ನ ಬಾಯಿ ಜೋರು ಎಂದು ಅವರು, ಇಪ್ಪತ್ತೆರಡು ವರ್ಷಗಳಿಂದ ವಾದಿಸುತ್ತ ಬಂದಿದ್ದೇವೆ. ನಮ್ಮ ಊರಲ್ಲಿ ಇದನ್ನು ಗುಮಾನಿ ಎನ್ನುತ್ತಾರೆ. ಕಾಲೇಜಿನಲ್ಲಿ ಹೈಪಾಥಿಸಿಸ್ ಎನ್ನುತ್ತಾರೆ ಎಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮೊದಲು ಪ್ರಶ್ನಾವಳಿ ಹಂಚಿದೆ. ವೇಟರುಗಳಿಂದ ಹಿಡಿದು ಪಾತ್ರೆ ತೊಳೆಯುವವರವರೆಗೆ ಎಲ್ಲರಿಗೂ ಒಂದೊಂದು ಹಾಳೆ, ಒಂದೊಂದು ಪೆನ್ನು. ಮರುದಿನವೇ ಎಲ್ಲವೂ ಭರ್ತಿಯಾಗಿ ಬಂದವು. ನನ್ನ ಸಿಬ್ಬಂದಿಯ ಶಿಸ್ತಿಗೆ ಹೆಮ್ಮೆಪಟ್ಟು ಕಟ್ಟನ್ನು ನನ್ನ ಗೈಡ್ ಆಗಿದ್ದ ಮೇಡಂ ಅವರಿಗೆ ಕಳಿಸಿದೆ. ಅವರು ಫೋನ್ ಮಾಡಿ, "ಗಣಪತಿಜೀ, ಆಪ್ ಕೇ ಹೋಟೆಲ್ ಮೇ ಸಬ್ ಕೀ ಉಮರ್ ಚವ್ವನ್ ಸಾಲ್ ಹೈ ಕ್ಯಾ?" ಎಂದರು. ಗಾಬರಿಯಿಂದ ಹಾಳೆಗಳನ್ನು ತೆಗೆದು ನೋಡಿದರೆ ಹೌದು, ಎಲ್ಲರಿಗೂ ಐವತ್ನಾಲ್ಕು ವಯಸ್ಸು, ಎಲ್ಲರಿಗೂ ಮೂವತ್ತೊಂದು ವರ್ಷದ ಅನುಭವ, ಎಲ್ಲರಿಗೂ ಹೆಣ್ಣುಮಕ್ಕಳು ಮೂವರು. ಹೋದ ವಾರ ಸೇರಿದ ಕ್ಲೀನರನಿಗೂ! ಐವತ್ನಾಲ್ಕು ವಯಸ್ಸು, ಮೂವರು ಹೆಣ್ಣುಮಕ್ಕಳು ಇರುವುದು ಶೀನಣ್ಣನಿಗೆ. ಹೋಗಿ ಕೇಳಿದೆ. ಅವರು ಸಟ್ಟುಗ ಕೆಳಗಿಡದೆ ಹೇಳಿದರು: "ಎಂತ ಮಾರಾಯ್ರೆ, ಒಂದೇ ಹೋಟೆಲಿನವರು ಒಬ್ಬೊಬ್ಬರು ಒಂದೊಂದು ಹೇಳಿದ್ರೆ ಚಂದ ಕಾಣ್ತದಾ? ನಾಳೆ ಯಾರನ್ನಾದ್ರೂ ತೆಗೆಯುದಾದ್ರೆ ಎಲ್ಲರನ್ನೂ ತೆಗೀಲಿ. ಅದಕ್ಕೆ ನಾನು ಬರೆದದ್ದನ್ನೇ ಬರೀರಿ ಅಂತ ಹೇಳಿದೆ."

ಪ್ರಶ್ನಾವಳಿ ಸತ್ತಿತು. ಬಾಯಿಯ ಮಾತು ಬೇಡ, ಗಡಿಯಾರವನ್ನು ನಂಬಿ ಎಂದರು ಮೇಡಂ. ಅಲ್ಲಿಂದ ಶುರುವಾಯಿತು ನೋಡಿ ನನ್ನ ನಿಜವಾದ ಸಂಶೋಧನೆ. ದಿನಾ ಒಂದು ಗಂಟೆಯಿಂದ ಎರಡೂವರೆಯವರೆಗೆ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಕಿಚನ್ ಬಾಗಿಲ ಬಳಿ ನಿಂತೆ. ಅದು ಹೇಗೂ ನನ್ನ ಕಾಯಂ ಜಾಗ. ನಮ್ಮಲ್ಲಿ ಒಂದು ಪದ್ಧತಿಯಿದೆ. ಈಗಿನ ಶೆಟ್ರ ತಂದೆ ನಾನು ಸೇರಿದ ದಿನವೇ, "ತಟ್ಟೆ ಗಿರಾಕಿಗೆ ಮುಖ ಮಾಡಿ ಹೋಗಬೇಕು, ಬೆನ್ನು ಮಾಡಿ ಅಲ್ಲ," ಎಂದು ಕಲಿಸಿದ್ದರು. ಹಾಗಾಗಿ ಒಳಗಿನಿಂದ ಬರುವ ಪ್ರತಿ ತಟ್ಟೆಯೂ ನನ್ನ ಮುಂದೆ ನಿಂತೇ ಹೋಗಬೇಕು. ನಾನು ದೋಸೆಯನ್ನು ನೇರ ಮಾಡಿ, ಚಟ್ನಿ ಬಟ್ಟಲನ್ನು ಬಲಕ್ಕೆ ಸರಿಸಿ, ಅಂಚಿಗೆ ಸಿಡಿದ ಸಾಂಬಾರು ಒರೆಸಿ, "ಹೂಂ" ಎನ್ನುತ್ತೇನೆ. ಆಮೇಲೆ ವೇಟರು ಹೊರಡುತ್ತಾನೆ. ಇದಕ್ಕೆ ಎರಡೂ ಕೈ ಬೇಕು. ಅದಕ್ಕೇ ತಟ್ಟೆ ಬಂದ ಕೂಡಲೇ ಸ್ಟಾಪ್‌ವಾಚ್ ನಿಲ್ಲಿಸಿ ಮೊಬೈಲನ್ನು ಜೇಬಿಗೆ ಹಾಕಿ, ನನ್ನ ಕೆಲಸ ಮುಗಿದ ಮೇಲೆ ಮತ್ತೆ ಚಾಲೂ ಮಾಡುತ್ತಿದ್ದೆ. ಡ್ಯೂಟಿಯನ್ನೂ ಸಂಶೋಧನೆಯನ್ನೂ ಬೆರೆಸಬಾರದಲ್ಲ!

ಹದಿನೈದು ದಿನ ಲೆಕ್ಕ ಹಾಕಿದೆ. ಆರ್ಡರ್ ಕೊಟ್ಟಲ್ಲಿಂದ ದೋಸೆ ಟೇಬಲ್ ಮುಟ್ಟುವವರೆಗೆ ಹೆಚ್ಚೆಂದರೆ ಆರು ನಿಮಿಷ. ಶೀನಣ್ಣನ ಕೈ ನಿಧಾನ ಎಂಬ ನನ್ನ ಗುಮಾನಿ ಮಣ್ಣುಪಾಲಾಯಿತು. ಕಾವಲಿಯ ಮೇಲೆ ಆ ಮನುಷ್ಯ ಒಂದು ಕ್ಷಣವನ್ನೂ ಹಾಳು ಮಾಡುತ್ತಿರಲಿಲ್ಲ. ಬೇಸರವಾದರೂ ಆರು ನಿಮಿಷ ಎಂಬ ಹೆಮ್ಮೆಯಲ್ಲಿ, ಪಕ್ಕದ ಗಲ್ಲಿಯ ಟೇಲರ್ ಇಮಾಮ್‌ಸಾಬರ ಟೇಬಲಿಗೆ ಹೋಗಿ ನನ್ನ ಹಾಳೆ ತೋರಿಸಿದೆ. ವಿಜಯಪುರದ ಕಡೆಯವರು, ದಿನಾ ನಮ್ಮಲ್ಲೇ ಊಟ. ಅವರು ಕೈಗಡಿಯಾರ ನೋಡಿ, "ಸಾಹೇಬ್ರ, ನಾ ಆರ್ಡರ್ ಕೊಟ್ಟು ದ್ವಾಸಿ ಬರೂದ್ರಾಗ ಒಂಬತ್ತು ನಿಮಿಷ ಆತು. ನಿಮ್ಮ ಆರು ಎಲ್ಲಿಂದ ಬಂತ್ರಿ?" ಎಂದರು.

ಆರು ಮತ್ತು ಒಂಬತ್ತರ ನಡುವಿನ ಆ ಮೂರು ನಿಮಿಷ ನನ್ನ ನಿದ್ದೆ ಕೆಡಿಸಿತು. ಮೊಬೈಲ್ ಕೆಟ್ಟಿದೆಯೆಂದು ಸುಮತಿಯದನ್ನು ತಂದೆ. ಅದೇ ಆರು! ವೇಟರುಗಳು ದಾರಿಯಲ್ಲಿ ನಿಂತು ಹರಟುತ್ತಾರೆಂದು ಹಿಂದೆ ಹಿಂದೆಯೇ ನಡೆದೆ. ಯಾರೂ ನಿಲ್ಲಲಿಲ್ಲ. ಸಲ್ಲಿಸುವ ದಿನ ಹತ್ತಿರ ಬರುತ್ತಿತ್ತು, ಬಾಂದ್ರಾದ ಕುರ್ಚಿ ದೂರ ಸರಿಯುತ್ತಿತ್ತು, ಆದರೂ ಸುಳ್ಳೇಕೆ ಹೇಳಲಿ, ಜೀವನದಲ್ಲಿ ಅಷ್ಟು ಖುಷಿಯಾಗಿ ನಾನು ಯಾವತ್ತೂ ಇದ್ದಿಲ್ಲ. ಕಡೆಗೆ ಕಳ್ಳನನ್ನು ಹಿಡಿದುಕೊಟ್ಟವರು ಇಮಾಮ್‌ಸಾಬರೇ. ಒಂದು ಮಧ್ಯಾಹ್ನ ಊಟ ಬಿಟ್ಟು ಕಿಚನ್ ಬಾಗಿಲ ಎದುರು ನಿಂತು ನನ್ನನ್ನೇ ನೋಡುತ್ತಿದ್ದರು. ನನ್ನ ಮುಂದೆ ಐದು ತಟ್ಟೆ ಸಾಲಾಗಿ ನಿಂತಿದ್ದವು, ಹಿಂದೆ ಐವರು ವೇಟರುಗಳು. ನಾನು ಎರಡನೆಯ ತಟ್ಟೆಯ ಚಟ್ನಿ ಸರಿಸುತ್ತಿದ್ದೆ.

"ಸಾಹೇಬ್ರ," ಎಂದರು ಇಮಾಮ್‌ಸಾಬರು, "ಮೂವತ್ತು ವರ್ಸದಿಂದ ಟೇಪ್ ಹಿಡದೀನಿ. ಸೊಂಟದ ಅಳತಿ ತಗೊಳ್ಳೂ ಮುಂದ ಮಂದಿ ಏನ್ ಮಾಡ್ತಾರ ಗೊತ್ತೇನ್ರಿ? ಉಸಿರು ಹಿಡದು ಹೊಟ್ಟಿ ಒಳಗ ಎಳಕೋತಾರ. ನಿಮ್ಮ ಗಡಿಯಾರನೂ ಹಂಗ. ತಾಟು ನಿಮ್ಮ ಮುಂದ ಬಂತಂದ್ರ ಉಸಿರು ಹಿಡೀತದ."

ಕೈಯಲ್ಲಿದ್ದ ಬಟ್ಟಲು ಹಾಗೇ ನಿಂತಿತು. ಒಂದು ಗಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮರುಗಳಿಗೆಗೆ, "ಸಿಕ್ಕಿತು! ಸಿಕ್ಕಿತು!" ಎಂದು ಕೂಗಿ ಶೀನಣ್ಣನನ್ನು ಅಪ್ಪಿಕೊಂಡೆ. ಅವರು ಹಿಟ್ಟಿನ ಕೈಯಲ್ಲಿ ನನ್ನನ್ನು ದೂರ ತಳ್ಳುತ್ತ, "ಎಂತದು ಸಿಕ್ಕಿದ್ದು?" ಎಂದರು. "ತಡ ಮಾಡುವವನು ಸಿಕ್ಕಿದ, ಅದು ನಾನೇ!" ಎಂದೆ. ಶೀನಣ್ಣ ದೋಸೆ ಮಗುಚಿ ಹಾಕುತ್ತ, "ಅದು ನಮಗೆಲ್ಲ ಗೊತ್ತುಂಟಲ್ಲ. ನಿಮ್ಮ ಹಾಳೆಯಲ್ಲಿ ಆ ಪ್ರಶ್ನೆ ಇರಲಿಲ್ಲ," ಎಂದರು.

ಸಂಭ್ರಮ ಇಳಿದ ಮೇಲೆ ಹೆದರಿಕೆ ಹತ್ತಿತು. ಈ ವರದಿಯ ಮೇಲೆ ಶೆಟ್ರ ಸಹಿಯಾಗಬೇಕು. ಇಷ್ಟು ವರ್ಷ ಹೋಟೆಲಿನ ದೋಸೆ ತಣ್ಣಗೆ ಮಾಡಿದವನು ನಾನೇ ಎಂದು ಅರವತ್ತೊಂದನೆಯ ಪುಟದಲ್ಲಿ ಬರೆದು, ಅದೇ ಕೈಯಲ್ಲಿ ಕುರ್ಚಿ ಕೇಳುವುದು ಹೇಗೆ? ತಪ್ಪನ್ನು ಜಾಗದ ಇಕ್ಕಟ್ಟಿನ ಮೇಲೆ ಹಾಕಿ ಒಂದು ಪುಟ ಬರೆದು ನೋಡಿದೆ. ಓದಿದರೆ ನನಗೇ ನಾಚಿಕೆಯಾಯಿತು. ಶೀನಣ್ಣನ ಮೇಲೆ ಇಪ್ಪತ್ತೆರಡು ವರ್ಷ ಸುಮ್ಮಸುಮ್ಮನೆ ಹೊರಿಸಿದ್ದು ಸಾಲದೇ? ಹರಿದು ಹಾಕಿ, ಇದ್ದದ್ದು ಇದ್ದಂತೆ ಬರೆದೆ. ಪರಿಹಾರವನ್ನೂ ಬರೆದೆ: ಮ್ಯಾನೇಜರನು ಊಟದ ಹೊತ್ತಿನಲ್ಲಿ ಕಿಚನ್ ಬಾಗಿಲಿನಿಂದ ಸಾಧ್ಯವಾದಷ್ಟು ದೂರ ಇರತಕ್ಕದ್ದು.

ವೈವಾದಲ್ಲಿ ಪರೀಕ್ಷಕರು ಕನ್ನಡಕ ತೆಗೆದು ನಕ್ಕರು, ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ನಾನು ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ಅದಕ್ಕೂ ಮೊದಲು ಶೆಟ್ರು ಆ ಒಂದೇ ಪುಟವನ್ನು ಎರಡು ಸಲ ಓದಿ, ಏನೂ ಹೇಳದೆ ಸಹಿ ಹಾಕಿದ್ದರು. ಅವರು ಹೇಳಿದ್ದು ಬಾಂದ್ರಾದ ಹೋಟೆಲು ತೆರೆದ ದಿನ. ಹಿತ್ತಾಳೆ ಬೋರ್ಡಿನಲ್ಲಿ ಬಾಲ ಸಮೇತ ನನ್ನ ಹೆಸರು ಹೊಳೆಯುತ್ತಿತ್ತು. ನನ್ನನ್ನು ಮೆಟ್ಟಿಲು ಹತ್ತಿಸಿ, ಮತ್ತೆ ಹತ್ತಿಸಿ, ಮೂರನೆಯ ಮಾಳಿಗೆಯ ಕೋಣೆಯ ಬಾಗಿಲು ತೆರೆದು, "ನಿಮ್ಮದೇ ಶಿಫಾರಸು, ಗಣಪಣ್ಣ. ಇದಕ್ಕಿಂತ ದೂರ ಜಾಗ ಇಲ್ಲಿ ಸಿಗಲಿಲ್ಲ," ಎಂದರು.

ಅವತ್ತು ಮಧ್ಯಾಹ್ನ ನನಗೆ ಮೇಲಕ್ಕೇ ಮಸಾಲೆ ದೋಸೆ ಬಂತು. ಶೀನಣ್ಣನೂ ಈಗ ಬಾಂದ್ರಾಕ್ಕೆ ಬಂದಿದ್ದಾರೆ, ಅವರದೇ ಕೈಯ ದೋಸೆ. ಬಾಯಿಗಿಟ್ಟರೆ ತಣ್ಣಗೆ! ಜನರಲ್ ಮ್ಯಾನೇಜರಿಗೇ ಹೀಗಾದರೆ ಗಿರಾಕಿಯ ಗತಿಯೇನೆಂದು ಸಿಟ್ಟಿನಿಂದ ಕಿಚನ್ನಿಗೆ ಫೋನ್ ಮಾಡಿದೆ.

"ಇಲ್ಲಿಂದ ಬಿಸಿಬಿಸಿಯೇ ಹೋದದ್ದು ಮಾರಾಯ್ರೆ," ಎಂದರು ಶೀನಣ್ಣ. "ತಟ್ಟೆ ಬಂದ ಮೇಲೆ ನೀವು ಎಂತ ಮಾಡಿದ್ರಿ?"

ನಾನು ತಟ್ಟೆ ನೋಡಿದೆ. ದೋಸೆ ನನಗೆ ನೇರ ಮುಖ ಮಾಡಿತ್ತು, ಚಟ್ನಿ ಬಟ್ಟಲು ಬಲಕ್ಕಿತ್ತು, ಅಂಚು ಒರೆಸಿ ಕನ್ನಡಿಯಂತಾಗಿತ್ತು. ಮೆಲ್ಲಗೆ ಫೋನ್ ಇಟ್ಟು, ತಣ್ಣಗಿನ ದೋಸೆ ತಿಂದೆ.